ಅಜ್ಜನ ಲೆಕ್ಕದ ಪುಸ್ತಕ ಹಿಡಿದು ನಾಲ್ಕು ದಿನ

ಮೊದಲ ದಿನ, ಸೆಪ್ಟೆಂಬರ್ 5

ಪಡುಬಿದ್ರಿ ದಾಟಿದ ಕೂಡಲೇ ಅಮ್ಮ ಕಿಟಕಿ ಪಕ್ಕ ಬಂದು ಕೂತರು. ರಾತ್ರಿಯಿಡೀ ಇಬ್ಬರಿಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನ ತನಕ ಘಾಟಿಯಲ್ಲಿ 57 ಸುರಂಗಗಳಿವೆ. ಗಾಡಿ ಒಂದೊಂದರ ಒಳಗೆ ಹೊಕ್ಕಾಗಲೂ ಬೋಗಿಯ ಸದ್ದು ಬದಲಾಗುತ್ತದೆ, ಎಚ್ಚರ ಆಗುತ್ತದೆ.

"ಇನ್ನು ಇನ್ನಂಜೆ ಬರ್ತದೆ, ನೋಡು" ಅಂದರು ಅಮ್ಮ.

ನಮ್ಮ ರೈಲು ಇನ್ನಂಜೆಯಲ್ಲಿ ನಿಲ್ಲುವುದಿಲ್ಲ. ಸಣ್ಣ ಸ್ಟೇಷನ್, ಹಳದಿ ಬೋರ್ಡು, ಆಮೇಲೆ ಹಸಿರು ಗದ್ದೆ. ಅಮ್ಮ ಕೈಯೆತ್ತಿ ಶಿಲುಬೆ ಗುರುತು ಹಾಕಿಕೊಂಡರು. ಅವರ ಅಪ್ಪ, ಅಂದರೆ ನನ್ನ ಅಜ್ಜ, ಈ ಗದ್ದೆಗಳ ಆಚೆಗೆ ಬದುಕಿದವರು. ತೀರಿಕೊಂಡದ್ದು 2019ರಲ್ಲಿ, 88ನೇ ವಯಸ್ಸಿಗೆ. ಆಗ ನಾನು ದೂರದಲ್ಲಿದ್ದೆ, ಮಣ್ಣಿಗೆ ಬರಲು ಆಗಲಿಲ್ಲ. ಆಮೇಲೆ ಎರಡು ಮೂರು ಸಲ ಊರಿಗೆ ಬಂದರೂ ಬೆಳಿಗ್ಗೆ ಬಂದು ಸಂಜೆ ಹೋದದ್ದೇ. ಈ ಸಲ ಮೊಂತಿ ಫೆಸ್ತ್, ಅಂದರೆ ನಮ್ಮ ತೆನೆ ಹಬ್ಬ, ಮುಗಿಯುವ ತನಕ ಇರುವುದು ಅಂತ ಮೊದಲೇ ನಿಶ್ಚಯ ಮಾಡಿದ್ದೆವು.

ಉಡುಪಿಯ ಇಂದ್ರಾಳಿ ಸ್ಟೇಷನ್ನಿಗೆ ಮಾಮ ಬಂದಿದ್ದರು. ಹೆದ್ದಾರಿಯಲ್ಲಿ ಕಟಪಾಡಿ ತನಕ ಹೋಗಿ, ಶಿರ್ವದ ಕಡೆಗೆ ತಿರುಗಿದರೆ ಶಂಕರಪುರ. ಮಲ್ಲಿಗೆ ಅಂದರೆ ಕರಾವಳಿಯವರಿಗೆ ನೆನಪಾಗುವ ಊರು ಇದೇ. ಉಡುಪಿ ಮಲ್ಲಿಗೆ ಅಂತ ಭೌಗೋಳಿಕ ಗುರುತು ಸಿಕ್ಕಿದ ಹೂವಿನ ದರ ನಿಗದಿ ಆಗುವುದೂ ಇಲ್ಲಿಯೇ. ಬೆಳಿಗ್ಗೆ ಇಲ್ಲಿ ಹೇಳಿದ ದರವೇ ಉಡುಪಿಗೂ ಮಂಗಳೂರಿಗೂ ಲೆಕ್ಕ. ಕಟ್ಟಿದ ಹೂ ಬಾಳೆ ಎಲೆಯಲ್ಲಿ ಸುತ್ತಿಕೊಂಡು ಮುಂಬಯಿಗೂ ಹೋಗುತ್ತದೆ.

ಮನೆ ಹಾಗೇ ಇದೆ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹೆಂಚು, ಜಗಲಿಯಲ್ಲಿ ಅಜ್ಜನ ಮರದ ಬೆಂಚು. ಆ ಕಲ್ಲುಗಳನ್ನು ಕಡಿದವರು ಅಜ್ಜನೇ. ಬೇಸಿಗೆಯಲ್ಲಿ ಗದ್ದೆ ಕೆಲಸ ಇಲ್ಲದಾಗ ಅವರು ಕಲ್ಲಿನ ಕೋರೆಗೆ ಕೂಲಿಗೆ ಹೋಗುತ್ತಿದ್ದರು. ದಿನದ ಕೂಲಿ ಮುಗಿದ ಮೇಲೆ ಮಾಲೀಕರಲ್ಲಿ ಕೇಳಿಕೊಂಡು ತಮಗಾಗಿ ನಾಲ್ಕು ಕಲ್ಲು ಕಡಿಯುವುದು. ಹೀಗೆ ಮನೆಗೆ ಬೇಕಾದ ಕಲ್ಲು ಒಟ್ಟಾಗಲು ಐದು ಬೇಸಿಗೆ ಹಿಡಿಯಿತಂತೆ. ಉತ್ತರದ ಗೋಡೆಯ ಕಲ್ಲುಗಳು ಒಂದೇ ಅಳತೆಯಲ್ಲಿಲ್ಲ. "ಅದು ಮೊದಲ ವರ್ಷದ್ದು, ಅವರಿಗೆ ಆಗ ಕೈ ಕೂತಿರಲಿಲ್ಲ" ಅಂದರು ಮಾಮ. ಎಷ್ಟು ಸಲ ಆ ಗೋಡೆಗೆ ಒರಗಿ ಕೂತಿದ್ದೇನೆ, ಒಮ್ಮೆಯೂ ಇದು ಗೊತ್ತಿರಲಿಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಮಾಮಿ ಒಂದು ತಗಡಿನ ಪೆಟ್ಟಿಗೆ ತಂದಿಟ್ಟರು. ಒಳಗೆ ಅಜ್ಜನ ಪ್ರಾರ್ಥನೆ ಪುಸ್ತಕ, ಕನ್ನಡ ಲಿಪಿಯ ಕೊಂಕಣಿಯದ್ದು. ಮೂಲೆಗಳು ಎಣ್ಣೆ ಹಿಡಿದು ಕಪ್ಪಾಗಿದ್ದವು. ಒಂದು ಕೊಂತಿ, ಅಂದರೆ ಜಪಮಾಲೆ. ಒಂದು ಮುಟ್ಟಾಳೆ. ಅಡಿಕೆ ಹಾಳೆಯ ಆ ಟೋಪಿ ಇಲ್ಲದೆ ಅಜ್ಜ ಗದ್ದೆಗೆ ಇಳಿಯುತ್ತಿರಲಿಲ್ಲ. ಅದರ ಅಡಿಯಲ್ಲಿ ಶಾಲೆ ಮಕ್ಕಳ ನೋಟು ಪುಸ್ತಕಗಳು, ಒಟ್ಟು 17.

"ಹೂವಿನ ಲೆಕ್ಕ. ಬಿಸಾಡಲು ಮನಸ್ಸು ಬರಲಿಲ್ಲ" ಅಂದರು ಮಾಮಿ.

ಅಜ್ಜ ಓದಿದ್ದು ಮೂರನೇ ಕ್ಲಾಸು. ಅಪ್ಪ ಬೇಗ ತೀರಿಕೊಂಡದ್ದರಿಂದ 10ನೇ ವಯಸ್ಸಿಗೆ ದನ ಮೇಯಿಸಲು ಹೋದವರು. ಆದರೆ ಅಕ್ಷರ ದುಂಡಗೆ ಇತ್ತು. ಸಾಲಿಗೊಂದು ದಿನ. ತಾರೀಕು, ಎಷ್ಟು ಅಟ್ಟೆ, ಎಷ್ಟು ಚೆಂಡು, ಆ ದಿನದ ದರ. 800 ಹೂ ಸೇರಿದರೆ ಒಂದು ಚೆಂಡು. ನಾಲ್ಕು ಚೆಂಡು ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಮೊಗ್ಗು, ಒಂದೊಂದನ್ನೂ ಕೈಯಿಂದಲೇ ಕೊಯ್ಯಬೇಕು. ಅಜ್ಜನ ಪುಸ್ತಕದಲ್ಲಿ ಒಳ್ಳೆಯ ದಿನಗಳಲ್ಲಿ ಐದು, ಆರು ಅಟ್ಟೆ ಇದೆ. 1978ರಿಂದ 2018ರ ತನಕ ದಿನ ಬಿಟ್ಟಿಲ್ಲ. ಅಜ್ಜಿ ತೀರಿಕೊಂಡ ದಿನವೂ ಸಾಲು ಇದೆ. ಆ ದಿನ ದರದ ಜಾಗದಲ್ಲಿ ಏನೂ ಬರೆದಿಲ್ಲ. ಒಂದು ಸಣ್ಣ ಶಿಲುಬೆ ಮಾತ್ರ ಇದೆ.

ಪುಟ ತಿರುಗಿಸಿದರೆ ಅಲ್ಲಲ್ಲಿ ಅಂಥ ಶಿಲುಬೆಗಳು ಇನ್ನೂ ಇದ್ದವು. "ಇದೇನು?" ಅಂತ ಕೇಳಿದೆ. "ಪೂಜೆಗೆ ಹೋದ ದಿನ ಇರಬೇಕು" ಅಂದರು ಮಾಮ. ಅಮ್ಮ ತಲೆ ಅಲ್ಲಾಡಿಸಿದರು. ಅಜ್ಜ ಪೂಜೆಗೆ ಪ್ರತಿ ಭಾನುವಾರ ಹೋಗುತ್ತಿದ್ದರು. ಭಾನುವಾರಗಳಿಗೆ ಗುರುತು ಇರಲಿಲ್ಲ.

ಸಂಜೆ ಇಗರ್ಜಿಗೆ ಹೋದೆವು. ಶಂಕರಪುರದ ಸಂತ ಜೋನರ ಇಗರ್ಜಿ. ಆಗಸ್ಟ್ 30ರಿಂದ ನೊವೇನ ನಡೆಯುತ್ತಿದೆ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಹಾಕುತ್ತಾರೆ. ದಾಸವಾಳ, ಕೇಪಳ, ಬೇಲಿಯಲ್ಲಿ ಸಿಕ್ಕಿದ ಎಲ್ಲ ಹೂ. ಪ್ರಾರ್ಥನೆ ಮುಗಿದ ಮೇಲೆ ಅಜ್ಜನ ಸಮಾಧಿಗೆ ಹೋಗಿ ಮೇಣದ ಬತ್ತಿ ಹಚ್ಚಿದೆವು. ಮಳೆ ಹನಿಯುತ್ತಿತ್ತು. ಮೂರು ಸಲ ಹಚ್ಚಿದರೂ ಆರಿತು. ಕೊನೆಗೆ ಅಮ್ಮ ಕೊಡೆಯನ್ನು ಸಮಾಧಿಯ ಮೇಲೆ ಹಿಡಿದರು. ಅವರು ನೆನೆದರು, ಬತ್ತಿ ಉರಿಯಿತು.

ಎರಡನೇ ದಿನ, ಸೆಪ್ಟೆಂಬರ್ 6

ನಸುಕಿಗೆ ಎದ್ದು ಮಾಮಿಯ ಜೊತೆ ಹೂ ಕೊಯ್ಯಲು ಹೋದೆ. ಅಜ್ಜನ ಕಾಲದಲ್ಲಿ 120 ಗಿಡ ಇದ್ದವು, ಈಗ 20. ಅರಳುವ ಮೊದಲೇ ಮೊಗ್ಗು ಕೊಯ್ಯಬೇಕು. ಮಾಮಿಯ ಬೆರಳು ಮೊಗ್ಗಿನ ತೊಟ್ಟನ್ನು ಮುಟ್ಟಿದ್ದೇ ತಡ, ಅದು ಅಂಗೈಯಲ್ಲಿ. ನಾನು ಒಂದು ಗಿಡ ಮುಗಿಸುವಷ್ಟರಲ್ಲಿ ಅವರು ನಾಲ್ಕು ಮುಗಿಸಿದ್ದರು. ಮಳೆಗಾಲದಲ್ಲಿ ಹೂ ಕಡಿಮೆ. ಎಲೆಗೆ ಚುಕ್ಕೆ ರೋಗ ಬರುತ್ತದೆ, ಮೊಗ್ಗು ಕೊಳೆಯುತ್ತದೆ. ಹೂ ಕಡಿಮೆ ಇದ್ದಾಗಲೇ ಚೌತಿ ಬರುವುದು, ದರ ಏರುವುದು.

ಅಜ್ಜ ಇಲ್ಲಿ ಲಾಟೀನು ಹಿಡಿದು ಬರುತ್ತಿದ್ದರು. ಕೊಂತಿ ಕೈಯಲ್ಲಿ ಹಿಡಿಯಲು ಆಗುವುದಿಲ್ಲ, ಎರಡೂ ಕೈಗೆ ಕೆಲಸ. ಹಾಗಾಗಿ ಗಿಡ ಎಣಿಸಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಿದ್ದರು. ಒಂದು ಗಿಡಕ್ಕೆ ಒಂದು 'ನಮಾನ್ ಮರಿಯೆ', ಮರಿಯಮ್ಮನಿಗೆ ಹೇಳುವ ಪ್ರಾರ್ಥನೆ. ಜಪಮಾಲೆಯಲ್ಲಿ ಅದು 53 ಸಲ ಬರುತ್ತದೆ. 53ನೇ ಗಿಡ ಬಾವಿಯ ಪಕ್ಕದ್ದು. ಅಲ್ಲಿಗೆ ತೇರ್ಸ್ ಮುಗಿಯುತ್ತಿತ್ತು. ಉಳಿದ ಗಿಡಗಳಿಗೆ ಏನು ಹೇಳುತ್ತಿದ್ದರು ಅಂತ ಅಮ್ಮನನ್ನು ಕೇಳಿದೆ. "ನಮ್ಮ ಹೆಸರು. ಒಬ್ಬೊಬ್ಬ ಮಕ್ಕಳ ಹೆಸರು, ದನದ ಹೆಸರು, ಸತ್ತವರ ಹೆಸರು" ಅಂದರು.

ಭಾನುವಾರ ಅಜ್ಜ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಎತ್ತುಗಳಿಗೂ ರಜೆ. ಆದರೆ ಹೂ ಮಾತ್ರ ಕೊಯ್ಯುತ್ತಿದ್ದರು. "ಮೊಗ್ಗಿಗೆ ಭಾನುವಾರ ಗೊತ್ತಿಲ್ಲ" ಅನ್ನುತ್ತಿದ್ದರಂತೆ. ಹೂ ಕೊಯ್ದು, ಮಿಂದು, ಬಿಳಿ ಅಂಗಿ ಹಾಕಿ ಮೊದಲ ಪೂಜೆಗೆ ನಡೆಯುವುದು. ಅವರ ಸಣ್ಣ ವಯಸ್ಸಲ್ಲಿ ಪೂಜೆ ಲ್ಯಾಟಿನ್ ಭಾಷೆಯಲ್ಲಿತ್ತು. ಅರ್ಥ ಗೊತ್ತಿಲ್ಲದಿದ್ದರೂ ಉತ್ತರಗಳು ಬಾಯಿಪಾಠ. ಎರಡನೇ ವ್ಯಾಟಿಕನ್ ಸಭೆಯ ಮೇಲೆ, 1960ರ ದಶಕದಲ್ಲಿ ಅದು ಕೊಂಕಣಿಗೆ ಬಂತು. ಮೊದಲ ಸಲ ತನ್ನ ಭಾಷೆಯಲ್ಲಿ ಪೂಜೆ ಕೇಳಿದ ದಿನ ಅಜ್ಜ ಮನೆಗೆ ಬಂದು ಅಜ್ಜಿಗೆ ಹೇಳಿದ್ದು ಹೀಗೆ: "ಇವತ್ತು ದೇವರು ನಮ್ಮ ಜಗಲಿಯಲ್ಲಿ ಕೂತು ಮಾತಾಡಿದ ಹಾಗಾಯಿತು."

ಬೆಳಿಗ್ಗೆ ಹತ್ತಕ್ಕೆ ಮಾಮನ ಜೊತೆ ಗದ್ದೆಗೆ ಇಳಿದೆ. ಬೆಟ್ಟು, ಮಜಲು, ಬೈಲು ಅಂತ ಗದ್ದೆಯಲ್ಲಿ ಮೂರು ಬಗೆ. ಬೆಟ್ಟು ಗದ್ದೆ ಎತ್ತರದ್ದು, ಮಳೆ ನೀರಿಗೆ ಒಂದೇ ಬೆಳೆ. ಮಜಲಿನಲ್ಲಿ ಎರಡು. ಬೈಲು ತಗ್ಗಿನದ್ದು, ನೀರಿದ್ದರೆ ಮೂರು: ಏಣೇಲು, ಸುಗ್ಗಿ, ಕೊಳಕೆ. ಅಜ್ಜನಿಗೆ ಮೊದಲು ಸಿಕ್ಕಿದ್ದು ಬೆಟ್ಟು ಗದ್ದೆ. ಅದೂ ಚಾಲಗೇಣಿಗೆ. ಮೂಲಗೇಣಿಯವರನ್ನು ಹಾಗೆ ಸುಲಭದಲ್ಲಿ ಎಬ್ಬಿಸಲು ಆಗುತ್ತಿರಲಿಲ್ಲ. ಚಾಲಗೇಣಿಯವರಿಗೆ ಆ ಧೈರ್ಯ ಇರಲಿಲ್ಲ. ಧಣಿಗಳು ಬಿಡು ಅಂದರೆ ಬಿಡಬೇಕು. ಗೇಣಿ ಅಕ್ಕಿಯ ಲೆಕ್ಕದಲ್ಲಿ. 42 ಸೇರಿನ ಒಂದು ಮುಡಿ. ಬೈಹುಲ್ಲು ಹಾಸಿ, ಅಕ್ಕಿ ತುಂಬಿ, ಹುಲ್ಲಿನ ಹಗ್ಗದಲ್ಲಿ ಬಿಗಿದು ಚೆಂಡಿನಂತೆ ಮಾಡುವುದು. ಅಜ್ಜ ಕಟ್ಟಿದ ಮುಡಿಯಿಂದ ಒಂದು ಕಾಳೂ ಉದುರುತ್ತಿರಲಿಲ್ಲವಂತೆ. ಮುಡಿಗಳನ್ನು ತಲೆಯ ಮೇಲೆ ಹೊತ್ತು ಧಣಿಗಳ ಅಂಗಳಕ್ಕೆ ಕೊಂಡುಹೋಗುವುದು. ಕೆಲವು ವರ್ಷ ಗೇಣಿ ಕೊಟ್ಟ ಮೇಲೆ ಮನೆಯಲ್ಲಿ ಗಂಜಿಗೂ ಸಾಲುತ್ತಿರಲಿಲ್ಲ.

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸು ಅವರ ಕಾಲ. ಗೇಣಿಗೆ ಉಳುತ್ತಿದ್ದವರು ಭೂಮಿ ತಮ್ಮದಾಗಲು 7ನೇ ನಂಬ್ರದ ಫಾರಂ ತುಂಬಬೇಕು. ಊರಲ್ಲಿ ಅದಕ್ಕೆ 'ಡಿಕ್ಲರೇಶನ್ ಕೊಡುವುದು' ಅಂತಲೇ ಹೇಳುವುದು. ಆಗ ಉಡುಪಿ ಜಿಲ್ಲೆ ಇರಲಿಲ್ಲ, ಅದು ಆದದ್ದು 1997ರಲ್ಲಿ. ಇಡೀ ದಕ್ಷಿಣ ಕನ್ನಡದಲ್ಲಿ ಮನೆ ಮನೆಯಲ್ಲಿ ಇದೇ ಮಾತು. ಅಜ್ಜನ ಸುತ್ತಮುತ್ತಲಿನವರು ಡಿಕ್ಲರೇಶನ್ ಕೊಟ್ಟರು. ಅಜ್ಜ ಕೊಡಲಿಲ್ಲ. ಎರಡು ತಿಂಗಳು ನಿದ್ದೆ ಮಾಡಲಿಲ್ಲ.

"ಅವರಿಗೆ ಹೆದರಿಕೆಯೂ ಇತ್ತು, ನಾಚಿಕೆಯೂ ಇತ್ತು" ಅಂದರು ಮಾಮ. "ಬರಗಾಲದ ವರ್ಷ ಧಣಿಗಳು ಗೇಣಿ ಬಿಟ್ಟಿದ್ದರು. ಅವರ ಉಪ್ಪು ತಿಂದು ಅವರ ಮೇಲೆ ಕಾಗದ ಕೊಡುವುದು ಹೇಗೆ ಅಂತ."

ಕೊನೆಗೆ ಒಂದು ಬೆಳಿಗ್ಗೆ ಎರಡು ಸೌತೆಕಾಯಿ ಹಿಡಿದುಕೊಂಡು ಧಣಿಗಳ ಮನೆಗೆ ಹೋದರು. ಅಂಗಳದಲ್ಲಿ ನಿಂತು, "ನಾನು ಡಿಕ್ಲರೇಶನ್ ಕೊಡುವವನಿದ್ದೇನೆ. ನಿಮಗೆ ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ ಅಂತ ಬಂದೆ" ಅಂದರು. ಧಣಿಗಳು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರಂತೆ: "ಪೊರ್ಬುಗಳೇ, ಬಾಕಿ ಎಲ್ಲರೂ ಕೊಟ್ಟ ಮೇಲೆ ಬಂದು ಹೇಳಿದರು. ನೀವು ಕೊಡುವ ಮೊದಲು ಬಂದಿರಿ. ಹೋಗಿ, ಕೊಡಿ."

ನಮ್ಮ ಜನರನ್ನು ತುಳುನಾಡಿನಲ್ಲಿ ಪೊರ್ಬು ಅಂತ ಕರೆಯುವುದು. ಆ ಮಾತಿನಲ್ಲಿ ಧಣಿಗಳು ಮೊದಲ ಸಲ ಬಹುವಚನ ಬಳಸಿದ್ದು ಅಜ್ಜನಿಗೆ ಸಾಯುವ ತನಕ ನೆನಪಿತ್ತು. ಭೂಮಿ ಆಯಿತು. ಅಜ್ಜ ಬದುಕಿರುವ ತನಕ ಪ್ರತಿ ವರ್ಷ ಮೊದಲ ಸೌತೆಕಾಯಿ ಆ ಮನೆಗೆ ಹೋಯಿತು. ಈಗ ಮಾಮ ಕೊಡುತ್ತಾರೆ. ಧಣಿಗಳ ಮಗ ಬೆಂಗಳೂರಿನಲ್ಲಿ, ಮೊಮ್ಮಕ್ಕಳು ಅಮೆರಿಕದಲ್ಲಿ. ಸೌತೆಕಾಯಿ ತೆಗೆದುಕೊಳ್ಳುವುದು ಮನೆ ನೋಡಿಕೊಳ್ಳುವವರು. ಆದರೂ ಕೊಡುತ್ತಾರೆ.

ಮೇಲಿನ ಬೆಟ್ಟು ಗದ್ದೆ ಈಗ ಬೇಸಾಯ ಇಲ್ಲದೆ ಹಡಿಲು ಬಿದ್ದಿದೆ. ಹುಲ್ಲು ಎದೆಯ ಎತ್ತರಕ್ಕೆ ಬೆಳೆದಿದೆ. ಕೆಲಸಕ್ಕೆ ಜನ ಇಲ್ಲ, ಯಂತ್ರ ಅಲ್ಲಿಗೆ ಹತ್ತುವುದಿಲ್ಲ. ಮಾಮ ಒಂದು ಬೈಲು ಗದ್ದೆ ಮಾತ್ರ ಉಳಿಸಿಕೊಂಡಿದ್ದಾರೆ. ನನಗೆ ಬೇಸರವಾಯಿತು. ಆದರೆ ಅವರನ್ನು ದೂರಲು ನನಗೆ ಏನು ಅಧಿಕಾರ? ನಾನು ಒಂದು ದಿನವೂ ಇಲ್ಲಿ ನೇಜಿ ನೆಟ್ಟವಳಲ್ಲ.

ಹಿಂದೆ ಬರುವಾಗ ಕೆಳಗಿನ ಮನೆಯ ಅಕ್ಕ ಕರೆದರು. 80 ದಾಟಿದೆ, ಕಣ್ಣು ಮಂದ. ನನ್ನ ಕೈ ಹಿಡಿದು ಬೆರಳು ಸವರಿ, "ಪೊರ್ಬುಗಳ ಕೈಯೇ" ಅಂದರು ತುಳುವಿನಲ್ಲಿ. ಬೆಲ್ಲ ನೀರು ಕೊಟ್ಟರು. ಅಜ್ಜನ ಮಾತು ಬಂತು. ತಮ್ಮ ಗಂಡ ತೀರಿಕೊಂಡ ದಿನವನ್ನು ಹೇಳಿದರು. ಆಟಿ ತಿಂಗಳು, ಜೋರು ಮಳೆ, ಮನೆಯಲ್ಲಿ ಮೂರು ಸಣ್ಣ ಮಕ್ಕಳು, ಕೈಯಲ್ಲಿ ದುಡ್ಡಿಲ್ಲ.

"ನಿನ್ನ ಅಜ್ಜ ಅವತ್ತಿನ ಹೂ ಎಲ್ಲ ತಂದರು ಮಗಾ. ಮಾರಲು ಹೂವಿನ ಕಟ್ಟೆಗೆ ಕೊಡಲಿಲ್ಲ. ಬುಟ್ಟಿ ಇಟ್ಟು, ಏನೂ ಮಾತಾಡಲಿಲ್ಲ, ಸೌದೆ ಒಡೆಯಲು ಹೋದರು. ಆ ಮಳೆಯಲ್ಲಿ ಒಣ ಸೌದೆ ಅವರೇ ಎಲ್ಲಿಂದಲೋ ತಂದಿದ್ದರು. ಅಷ್ಟು ಹೂ ನಾನು ನನ್ನ ಮದುವೆಯಲ್ಲೂ ನೋಡಿರಲಿಲ್ಲ."

ಯಾವ ವರ್ಷ ಅಂತ ಕೇಳಿದೆ. ಮಗಳು ಹುಟ್ಟಿದ ಮರುವರ್ಷ, 86 ಅಂದರು.

ಮನೆಗೆ ಬಂದು 1986ರ ಪುಸ್ತಕ ತೆಗೆದೆ. ಜುಲೈ ಕೊನೆಯ ವಾರ. ಒಂದು ಅಟ್ಟೆ ಎರಡು ಚೆಂಡು. ದರ ಇಲ್ಲ. ಶಿಲುಬೆ.

ರಾತ್ರಿ ಅಮ್ಮ, ಮಾಮ, ನಾನು 17 ಪುಸ್ತಕಗಳನ್ನೂ ನೆಲದಲ್ಲಿ ಹರಡಿ ಕೂತೆವು. ಅಮ್ಮ ತಾರೀಕು ಓದುವುದು, ಮಾಮ ನೆನಪು ಮಾಡುವುದು. "ಇದು ಗುರ್ಕಾರರ ತಾಯಿ." "ಇದು ದರ್ಜಿಯ ಮಗ, ಬಾವಿಗೆ ಬಿದ್ದದ್ದು." "ಇದು ಬ್ಯಾರಿಗಳ ಮನೆಯದ್ದು ಇರಬೇಕು, ಅವರು ಹೂ ಇಡ್ತಾರಾ?" ಎಲ್ಲವೂ ನೆನಪಾಗಲಿಲ್ಲ. ಅರ್ಧದಷ್ಟು ಆಗಿರಬಹುದು. ಸಾವಿನ ಮನೆಗೆ ಹೋದ ದಿನ ಅಜ್ಜ ಹೂ ಮಾರುತ್ತಿರಲಿಲ್ಲ. ಇದನ್ನು ಅವರು ತಮ್ಮ ಮಕ್ಕಳಿಗೂ ಹೇಳಿರಲಿಲ್ಲ. ಹೂ ಎಲ್ಲಿ ಅಂತ ಅಜ್ಜಿ ಕೇಳಿದರೆ, ಇವತ್ತು ಬೇರೆ ಕಡೆ ಕೊಟ್ಟೆ ಅನ್ನುತ್ತಿದ್ದರಂತೆ.

ಅಮ್ಮ ಒಂದು ಪುಟದಲ್ಲಿ ನಿಂತುಬಿಟ್ಟರು. 1981. "ಈ ವರ್ಷ ನನ್ನ ಎಸ್ಸೆಸ್ಸೆಲ್ಸಿ ಮುಗಿದದ್ದು. ಫಸ್ಟ್ ಕ್ಲಾಸ್ ಬಂದಿತ್ತು." ಮುಂದೆ ಓದಿಸುವುದಿಲ್ಲ ಅಂದಿದ್ದರು ಅಜ್ಜ. ಕಾಲೇಜು ದೂರ, ಹೂ ಕಟ್ಟಲು ಜನ ಬೇಕು. ಆಮೇಲೆ ಆರು ವರ್ಷ ಅಮ್ಮ ಬಾಳೆ ನಾರಿನಲ್ಲಿ ಹೂ ಕಟ್ಟಿದರು. ಮಾಮನನ್ನು ಕಾಲೇಜಿಗೆ ಕಳಿಸಿದರು.

"ಬೇಜಾರು ಇದೆಯಾ ಅಮ್ಮ?"

"ಇದೆ. ಈಗಲೂ ಇದೆ." ಪುಸ್ತಕ ಮುಚ್ಚಲಿಲ್ಲ. ಬೆರಳು ಆ ಸಾಲುಗಳ ಮೇಲೆ ಹೋಗುತ್ತಿತ್ತು. "ಆದರೆ ನೋಡು, ಇದೆಲ್ಲ ನಾನು ಕಟ್ಟಿದ ಹೂ. ಆ ಬುಟ್ಟಿಗಳಲ್ಲಿ ಹೋದದ್ದೂ ನಾನು ಕಟ್ಟಿದ್ದೇ."

ಮಾಮ ತಲೆ ತಗ್ಗಿಸಿ ಕೂತಿದ್ದರು.

ಮೂರನೇ ದಿನ, ಸೆಪ್ಟೆಂಬರ್ 7

ಅತ್ತೂರಿಗೆ ಹೋದೆವು. ಶಿರ್ವ, ಮಂಚಕಲ್, ಬೆಳ್ಮಣ್, ನಿಟ್ಟೆ, ಆಮೇಲೆ ಅತ್ತೂರು. ಕಾರಿನಲ್ಲಿ ಒಂದು ಗಂಟೆಯೂ ಬೇಡ. ಅಜ್ಜ ಈ ದಾರಿಯನ್ನು ನಡೆದೇ ಹೋಗುತ್ತಿದ್ದರು. ಮಾಮನಿಗೆ ನಾಲ್ಕು ವರ್ಷ ಆಗಿದ್ದಾಗ ವಿಷಮ ಜ್ವರ ಬಂತು. ಮಗ ಉಳಿದರೆ ಪ್ರತಿ ವರ್ಷ ನಡೆದು ಬರುತ್ತೇನೆ ಅಂತ ಅಜ್ಜ ಸಂತ ಲಾರೆನ್ಸರಿಗೆ ಹರಕೆ ಹೇಳಿದರು. ಜನವರಿ ಕೊನೆಯಲ್ಲಿ ಅತ್ತೂರಿನ ಜಾತ್ರೆ. ಸಂಜೆಯ ಗಂಜಿ ಉಂಡು, ತೆಂಗಿನ ಗರಿಯ ಸೂಟೆ ಹಚ್ಚಿಕೊಂಡು ಹೊರಟರೆ ನಸುಕಿಗೆ ಮುಟ್ಟುವುದು. ಸೊಂಟ ನೋವು ಬರುವ ತನಕ, 70 ವಯಸ್ಸಿನ ತನಕ ತಪ್ಪಿಸಲಿಲ್ಲ.

ಜಾತ್ರೆ ಇಲ್ಲದ ದಿನ ಅತ್ತೂರು ಶಾಂತ. ಪರ್ಪಲೆ ಗುಡ್ಡದ ಬುಡ, ಸುತ್ತ ಮರ, ಒಂದು ಪುಷ್ಕರಿಣಿ. ಇಲ್ಲಿಯ ಇಗರ್ಜಿ ಮೊದಲು ಆದದ್ದು 1759ರಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಇಗರ್ಜಿಗಳು ಉರುಳಿದವು. 1799ರ ಮೇಲೆ ಉಳಿದವರು ವಾಪಸು ಬಂದರು. ಅತ್ತೂರಿನ ಜನ ಸಂತ ಲಾರೆನ್ಸರ ಸಣ್ಣ ಮರದ ಮೂರ್ತಿಯನ್ನು ಹೊತ್ತು ಜಾಗ ಹುಡುಕುತ್ತಿದ್ದರಂತೆ. ದಣಿದು ಈ ಗುಡ್ಡದ ಬುಡದಲ್ಲಿ, ನೀರಿನ ಒರತೆಯ ಹತ್ತಿರ ಇಳಿಸಿದರು. ಮತ್ತೆ ಎತ್ತಲು ಹೋದರೆ ಮೂರ್ತಿ ಅಲುಗಲಿಲ್ಲ. ಅಲ್ಲೇ ಕಟ್ಟಿದರು. ಅಜ್ಜ ಈ ಕಥೆ ಹೇಳುವಾಗ ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: "ನೀರು ಇರುವ ಜಾಗ ಬಿಟ್ಟು ಹೋಗಬಾರದು ಅಂತ ಸಂತರಿಗೂ ಗೊತ್ತಿತ್ತು." ಬಾವಿ ತೋಡಿದವರ ಮಾತು ಅದು. ಮನೆಯ ಬಾವಿಯನ್ನು ಅಜ್ಜ ಕೆಳಗಿನ ಮನೆಯ ಅಕ್ಕನ ಗಂಡನ ಜೊತೆ ಸೇರಿ ತೋಡಿದ್ದು. ಎರಡು ಮನೆಗೂ ಅದೇ ನೀರು.

2016ರಲ್ಲಿ ಈ ದೇವಾಲಯಕ್ಕೆ ಬಸಿಲಿಕದ ಪದವಿ ಬಂತು. ಜಾತ್ರೆಗೆ ಎಲ್ಲ ಜಾತಿ ಧರ್ಮದವರೂ ಬರುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ, ಪುಷ್ಕರಿಣಿಯ ನೀರು ಮುಟ್ಟುತ್ತಾರೆ. ನಾವು ಹೋದಾಗಲೂ ಮಲ್ಲಿಗೆ ಮುಡಿದ ಇಬ್ಬರು ಹೆಂಗಸರು ಮೆಟ್ಟಿಲಲ್ಲಿ ಕೂತು ಮಗುವಿಗೆ ಬಿಸ್ಕತ್ತು ಕೊಡುತ್ತಿದ್ದರು. ಮಗುವಿಗೆ ಮಾತು ತಡವಾಗಿದೆ, ಹರಕೆ ಹೇಳಲು ಬಂದೆವು ಅಂದರು.

ಸಂತ ಲಾರೆನ್ಸರು ರೋಮಿನ ಧರ್ಮಸಭೆಯಲ್ಲಿ ಸೇವಕರಾಗಿದ್ದವರು. ಪ್ರಾಣ ಕೊಟ್ಟದ್ದು ಕ್ರಿ.ಶ. 258ರಲ್ಲಿ. ಇಗರ್ಜಿಯ ಸಂಪತ್ತು ತಂದೊಪ್ಪಿಸು ಅಂತ ಅಧಿಕಾರಿಗಳು ಕೇಳಿದಾಗ ಅವರು ಇದ್ದದ್ದನ್ನೆಲ್ಲ ಬಡವರಿಗೆ ಹಂಚಿ, ಆ ಬಡವರನ್ನೇ ಕರೆತಂದು ನಿಲ್ಲಿಸಿದರು, ಇವರೇ ಸಂಪತ್ತು ಅಂದರು ಅಂತ ಕಥೆ. ಸಣ್ಣವಳಿದ್ದಾಗ ಅಜ್ಜನ ಬಾಯಿಂದ ಇದನ್ನು ಎಷ್ಟೋ ಸಲ ಕೇಳಿದ್ದೆ. ಕಬ್ಬಿಣದ ಮಂಚದ ಮೇಲೆ ಅವರನ್ನು ಸುಟ್ಟರು ಅನ್ನುವ ಭಾಗ ಬಂದಾಗ ಹೆದರಿಕೆ ಆಗುತ್ತಿತ್ತು, ಹಾಗಾಗಿ ಅದೇ ನೆನಪಿತ್ತು. ಈ ಸಲ ಮೂರ್ತಿಯ ಮುಂದೆ ನಿಂತಾಗ ಕಥೆಯ ಮೊದಲ ಭಾಗ ನೆನಪಾಯಿತು.

ಮಾಮ ಹೊರಗೆ ಬತ್ತಿ ಹಚ್ಚಿ ತುಂಬ ಹೊತ್ತು ನಿಂತರು. ಅವರಿಗಾಗಿ ನಡೆದ ದಾರಿ ಅಲ್ವಾ. ನಾವು ಕಾದೆವು.

ಸಂಜೆ ನೊವೇನದ ಕೊನೆಯ ದಿನ. ಮಳೆ ಬಿಟ್ಟಿತ್ತು.

ನಾಲ್ಕನೇ ದಿನ, ಸೆಪ್ಟೆಂಬರ್ 8

ಮೊಂತಿ ಫೆಸ್ತ್ ಮರಿಯಮ್ಮ ಹುಟ್ಟಿದ ದಿನ. ನಮ್ಮ ಕರಾವಳಿಯಲ್ಲಿ ಅದೇ ತೆನೆ ಹಬ್ಬ. ಫರಂಗಿಪೇಟೆಯ ಗುಡ್ಡದ ಮೇಲಿನ ಮೊಂತಿ ಮಾರಿಯಾನೊದಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂದ 1763ರಲ್ಲಿ ಶುರು ಮಾಡಿದ್ದು ಅನ್ನುತ್ತಾರೆ. ಹೊಸ ತೆನೆಯನ್ನು ಪಾದ್ರಿಗಳು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಊರಿನ ಹಿಂದೂಗಳ ಮನೆಯಲ್ಲಿಯೂ ಕುರಲ್, ಅಂದರೆ ತೆನೆ, ಕಟ್ಟುವುದು, ಹೊಸ ಅಕ್ಕಿ ಊಟ ಇದೆ. ಗದ್ದೆ ಒಂದೇ, ಮಳೆ ಒಂದೇ ಅಂದ ಮೇಲೆ ಇದರಲ್ಲಿ ಆಶ್ಚರ್ಯ ಏನಿದೆ?

ಎಷ್ಟೋ ವರ್ಷ ಇಗರ್ಜಿಗೆ ತೆನೆ ಅಜ್ಜನ ಬೈಲು ಗದ್ದೆಯಿಂದ ಹೋಗುತ್ತಿತ್ತು. ಸೆಪ್ಟೆಂಬರ್ 8ಕ್ಕೆ ಸರಿಯಾಗಿ ತೆನೆ ಬರಬೇಕಾದರೆ ಬಿತ್ತನೆ ಬೇಗ ಆಗಬೇಕು. ಅದಕ್ಕಾಗಿ ಒಂದು ಮೂಲೆಯನ್ನು ಅಜ್ಜ ಬೇರೆ ಇಡುತ್ತಿದ್ದರು. ಬೇಸಿಗೆಯ ಕೊನೆಗೇ ಬಾವಿಯಿಂದ ಏತದಲ್ಲಿ ನೀರೆತ್ತಿ ಆ ಮೂಲೆಗೆ ಬಿಡುವುದು. ಈ ವರ್ಷವೂ ಮಾಮ ಆ ಮೂಲೆಯನ್ನು ಮೊದಲು ನೆಟ್ಟಿದ್ದರು. ಬೆಳಿಗ್ಗೆ ಐದಕ್ಕೆ ಕತ್ತಿ ಹಿಡಿದು ಹೋಗಿ ಒಂದು ಹೊರೆ ಕೊಯ್ದು ತಂದರು. ತೆನೆಯ ಒಳಗೆ ಇನ್ನೂ ಹಾಲು. ಉಗುರಿನಿಂದ ಒತ್ತಿದರೆ ಬಿಳಿ ಹನಿ ಬರುತ್ತಿತ್ತು.

ನಾನು ಮಾಮಿಯ ಜೊತೆ ಹೂ ಕೊಯ್ದೆ. 53ನೇ ಗಿಡ ಈಗ ಇಲ್ಲ, ಆ ಜಾಗದಲ್ಲಿ ಪಂಪಿನ ಗೂಡು ಇದೆ. ಇರುವ 20 ಗಿಡಕ್ಕೂ ಒಂದೊಂದು 'ನಮಾನ್ ಮರಿಯೆ' ಹೇಳಿದೆ. ಅಮ್ಮ ಬಾಳೆ ನಾರು ಸೀಳಿ ನೀರಲ್ಲಿ ಹಾಕಿದ್ದರು. ಜಗಲಿಯಲ್ಲಿ ಕೂತು ಕಟ್ಟಲು ಶುರು ಮಾಡಿದರು. ಬೆಂಗಳೂರಿನಲ್ಲಿ ಅವರು ಒಮ್ಮೆಯೂ ಹೂ ಕಟ್ಟಿದ್ದನ್ನು ನಾನು ನೋಡಿಲ್ಲ. 35 ವರ್ಷ ಕಳೆದಿದೆ. ಬೆರಳು ಮರೆತಿರಲಿಲ್ಲ. ಮಾಮಿ ಎಣಿಸಿದರು, 600 ಹೂ ಆಗಿತ್ತು.

ಪೂಜೆಗೆ ಇಗರ್ಜಿ ತುಂಬಿತ್ತು. ಮಕ್ಕಳು ಬುಟ್ಟಿ ಹಿಡಿದು ಸಾಲಾಗಿ ಬಂದು ಹೂ ಹಾಕಿದರು. ಅಮ್ಮ ಆ ಹೂಮಾಲೆಯನ್ನು ಮೂರ್ತಿಯ ಪಾದಕ್ಕೆ ಇಟ್ಟರು. ಪೂಜೆ ಮುಗಿದ ಮೇಲೆ ಮಕ್ಕಳಿಗೆ ಕಬ್ಬು, ಮನೆಗೊಂದು ಹಿಡಿ ತೆನೆ. ವಾಡೆಯ ಮುಖ್ಯಸ್ಥರಾದ ಗುರ್ಕಾರರು ನಮ್ಮ ವಾಡೆಯವರಿಗೆ ಹಂಚುವಾಗ ಅಮ್ಮನಿಗೆ ಎರಡು ತೆನೆ ಜಾಸ್ತಿ ಇಟ್ಟರು. "ಇದು ನಿಮ್ಮ ಅಪ್ಪನ ಗದ್ದೆಯದ್ದೇ, ಗೊತ್ತುಂಟಲ್ಲ" ಅಂದರು.

ಮಧ್ಯಾಹ್ನ ನೊವೆಂ. ತೆನೆಯ ಕಾಳು ಸುಲಿದು, ಅರೆದು, ತೆಂಗಿನ ಹಾಲಿನಲ್ಲಿ ಬೆರೆಸಿ ಎಲ್ಲರೂ ಮೊದಲು ಅದನ್ನು ತೆಗೆದುಕೊಳ್ಳಬೇಕು. ಆಮೇಲೆ ಊಟ, ಬಾಳೆ ಎಲೆಯಲ್ಲಿ. ಈ ದಿನ ಮೀನು ಮಾಂಸ ಇಲ್ಲ. ಕೆಸುವಿನ ದಂಟು, ಬೆಂಡೆ, ಹೀರೆ, ಅಲಸಂಡೆ, ಹರಿವೆ, ಸೌತೆ, ಪಾಯಸ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ ನೊವೆಂ ಹಂಚುವುದು ಪದ್ಧತಿ. ಅಜ್ಜ ಇದ್ದಾಗ ಪಾತ್ರೆ ಅವರ ಕೈಯಲ್ಲಿ. ಮೊದಲ ಪಾಲನ್ನು ಪಕ್ಕದಲ್ಲಿ ಇಡುತ್ತಿದ್ದರು. ಅದು ಕೆಳಗಿನ ಮನೆಗೆ ಹೋಗುತ್ತಿತ್ತು. ಅಲ್ಲಿಂದ ಅವರ ಹೊಸ ಅಕ್ಕಿ ಊಟದ ದಿನ ಇಲ್ಲಿಗೆ ಪಾಯಸ ಬರುತ್ತಿತ್ತು.

ಅಜ್ಜ ಹೋದ ಮೇಲೆ ಮಾಮ ಹಂಚುತ್ತಿದ್ದರು, ಗಂಡು ಮಗ ಅಂತ. ಈ ಸಲ ಮಾಮ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅಮ್ಮನ ಮುಂದೆ ಇಟ್ಟರು.

"ಅಕ್ಕ, ನೀನು ಕೊಡು. ದೊಡ್ಡವಳು ನೀನು."

ಅಮ್ಮ ಅವರನ್ನೇ ನೋಡಿದರು. ಏನೋ ಹೇಳಲು ಹೊರಟು ಸುಮ್ಮನಾದರು. ಶಿಲುಬೆ ಗುರುತು ಹಾಕಿ ಪ್ರಾರ್ಥನೆ ಶುರು ಮಾಡಿದರು. ಕೊನೆಗೆ ಹೆಸರುಗಳು ಬಂದವು. ಅಜ್ಜ, ಅಜ್ಜಿ, ಮುಂಬಯಿಯಲ್ಲಿ ತೀರಿಕೊಂಡ ಚಿಕ್ಕಜ್ಜ, ಕೆಳಗಿನ ಮನೆಯ ಅಕ್ಕನ ಗಂಡ, ಧಣಿಗಳು. ಪುಸ್ತಕದಲ್ಲಿ ನಮಗೆ ಗುರುತು ಸಿಕ್ಕಿದ ಒಂದೊಂದು ಹೆಸರೂ. ಊಟ ತಣ್ಣಗಾಯಿತು. ಯಾರೂ ಅವಸರ ಮಾಡಲಿಲ್ಲ.

ಮೊದಲ ಪಾಲನ್ನು ನಾನು ಕೆಳಗಿನ ಮನೆಗೆ ಕೊಂಡುಹೋದೆ. ಅಕ್ಕ ಚಮಚದಲ್ಲಿ ಬಾಯಿಗೆ ಹಾಕಿಕೊಂಡು, "ಹಾಲು ಸರಿಯಾಗಿ ಕೂಡಿದೆ" ಅಂದರು.

ರಾತ್ರಿ ರೈಲಿಗೆ ಹೊರಡುವ ಮೊದಲು ಎಲ್ಲರೂ ತೇರ್ಸ್ ಹೇಳಿದೆವು. ಮುಗಿದ ಮೇಲೆ ಕಿರಿಯರು ಹಿರಿಯರಲ್ಲಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು ನಮ್ಮಲ್ಲಿ ರೂಢಿ. ಕೈ ಜೋಡಿಸಿ ಅಮ್ಮನ ಮುಂದೆ ನಿಂತೆ. ಬೆಂಗಳೂರಿನಲ್ಲಿ ನಾವು ಇದನ್ನು ಬಿಟ್ಟು ತುಂಬ ವರ್ಷ ಆಗಿತ್ತು. ಅಮ್ಮ ನನ್ನ ತಲೆಯ ಮೇಲೆ ಕೈ ಇಟ್ಟು, "ದೇವ್ ಬರೆಂ ಕರುಂ" ಅಂದರು, ದೇವರು ಒಳ್ಳೆಯದು ಮಾಡಲಿ ಅಂತ. ಕೈಯಲ್ಲಿ ಇನ್ನೂ ಬಾಳೆ ನಾರಿನ ವಾಸನೆ ಇತ್ತು.

ಮಾಮಿ ಕೊನೆಯ ಪುಸ್ತಕವನ್ನು ನನಗೆ ಕೊಟ್ಟರು, 17ನೆಯದ್ದು. ಅದರಲ್ಲಿ ಅರ್ಧ ಹಾಳೆಗಳು ಖಾಲಿ. ಅಜ್ಜನ ಕೊನೆಯ ಸಾಲು 2018ರ ನವೆಂಬರಿನದ್ದು, ಅಕ್ಷರ ನಡುಗಿದೆ. ಇಂದ್ರಾಳಿಯಲ್ಲಿ ರೈಲು ಕಾಯುತ್ತ ಬೆಂಚಿನ ಮೇಲೆ ಕೂತಿದ್ದಾಗ ಪೆನ್ನು ತೆಗೆದೆ. ಅಮ್ಮ ಮೊಬೈಲಿನ ಬೆಳಕು ಹಿಡಿದರು. ಅಜ್ಜನ ಸಾಲಿನ ಕೆಳಗೆ ಒಂದು ಗೆರೆ ಬಿಟ್ಟು ಬರೆದೆ.

ಸೆಪ್ಟೆಂಬರ್ 8. ಮುಕ್ಕಾಲು ಚೆಂಡು. ಕಟ್ಟಿದ್ದು ಅಮ್ಮ.

ದರದ ಜಾಗದಲ್ಲಿ ಒಂದು ಸಣ್ಣ ಶಿಲುಬೆ ಹಾಕಿದೆ.